ದಂಡಿನ ಜಾಗ ಊರಾಗೋದು ಹೆಂಗ? ಬೆಂಗಳೂರು ದಂಡು, ಬೆಳಗಾವಿ ಕ್ಯಾಂಪ್ ಮತ್ತು ಅಂಗಡಿಕಾರರು ತಿಳಿದಿರಬೇಕಾದ ಮಾಹಿತಿ

ಮುಳಗುಂದ: ವ್ಯಾಪಾರಕ್ಕೋ, ದವಾಖಾನೆಗೋ, ಸುವರ್ಣಸೌಧದ ಕೆಲಸಕ್ಕೋ ಬೆಳಗಾವಿಗೆ ಹೋಗಿ ಬರೋ ನಮ್ಮ ಭಾಗದ ಮಂದಿಗೆ ‘ಕ್ಯಾಂಪ್’ ಅನ್ನೋ ಹೆಸರು ಹೊಸದಲ್ಲ. ಸಾಲು ಮರ, ದೊಡ್ಡ ಕಂಪೌಂಡಿನ ಹಳೇ ಬಂಗಲೆ, ಚರ್ಚು, ಸೈನಿಕರ ಮೈದಾನ, ನಡುವೆ ಒಂದು ಸಣ್ಣ ಬಜಾರ. ಆ ಬಜಾರಿನ ಅಂಗಡಿಗಳ ತೆರಿಗೆ ಬೆಳಗಾವಿ ಮಹಾನಗರ ಪಾಲಿಕೆಗೆ ಹೋಗಲ್ಲ, ಕಂಟೋನ್ಮೆಂಟ್ ಬೋರ್ಡಿಗೆ ಹೋಗ್ತದೆ. ಮನೆ ಮೇಲೆ ಇನ್ನೊಂದು ಮಾಳಿಗೆ ಎತ್ತಬೇಕಂದ್ರೂ ಬೋರ್ಡಿನ ಒಪ್ಪಿಗೆ ಬೇಕು.

ದೇಶದ ಕಂಟೋನ್ಮೆಂಟ್‌ಗಳಲ್ಲಿ ಸಾಮಾನ್ಯ ಜನ ಇರೋ ಭಾಗಗಳನ್ನು ಪಕ್ಕದ ಊರಿನ ಸ್ಥಳೀಯ ಸಂಸ್ಥೆಗೆ ಸೇರಿಸಬೇಕು ಅನ್ನೋದು ಕೇಂದ್ರ ಸರ್ಕಾರದ ನಿರ್ಧಾರ. ಕರ್ನಾಟಕದಲ್ಲಿ ಇರೋದು ಒಂದೇ ಕಂಟೋನ್ಮೆಂಟ್ ಬೋರ್ಡು, ಅದು ಬೆಳಗಾವಿಯದು. ಹಿಂಗಾಗಿ ‘ಸೈನ್ಯದ ಜಾಗ ಊರಾದ್ರೆ ಏನಾಗ್ತದೆ’ ಅನ್ನೋ ಪ್ರಶ್ನೆ ನಮಗೆ ಬಹಳ ದೂರದ್ದಲ್ಲ. ಬೆಂಗಳೂರು ಈ ದಾರಿಯಲ್ಲಿ ಮುಕ್ಕಾಲು ಶತಮಾನದ ಹಿಂದೆಯೇ ನಡೆದಿದೆ. ಹೊರದೇಶದ ಕೆಲವು ಊರುಗಳು ಇದನ್ನೇ ಮಾದರಿ ಅನ್ನುವ ಹಾಗೆ ಮಾಡಿ ತೋರಿಸಿವೆ. ಆ ಎಲ್ಲ ಮಾಹಿತಿ ಒಂದೇ ಕಡೆ ಇಲ್ಲಿದೆ.

ಕಂಟೋನ್ಮೆಂಟ್ ಅಂದ್ರೆ ಏನು?

ಕನ್ನಡದಲ್ಲಿ ಇದಕ್ಕೆ ‘ದಂಡು’ ಅಂತಾರೆ. ಬ್ರಿಟಿಷರ ಕಾಲದಲ್ಲಿ ಸೈನ್ಯ ಕಾಯಂ ಆಗಿ ಬೀಡುಬಿಟ್ಟ ಜಾಗ ಅದು. ಸೈನ್ಯ ಬಂದ ಮೇಲೆ ಅದರ ಹಿಂದೆ ಕಟುಕರು, ದರ್ಜಿಗಳು, ಅಗಸರು, ಹಾಲಿನವರು, ಗಾಡಿಯವರು, ಕಿರಾಣಿ ವ್ಯಾಪಾರಿಗಳು ಬಂದ್ರು. ಸೈನ್ಯದ ಪಕ್ಕದಲ್ಲೇ ಬಜಾರ ಬೆಳೀತು. ಬಳ್ಳಾರಿಯ ಕೌಲ್ ಬಜಾರ್ ಇಂಥ ದಂಡಿನ ನೆರಳಲ್ಲಿ ಬೆಳೆದದ್ದೇ. ಕೌಲು ಅಂದ್ರೆ ಕರಾರು. ಈ ಸುದ್ದಿಯ ಮುಖ್ಯ ವಿಷಯವೂ ಕರಾರೇ, ಮುಂದೆ ಓದಿದ್ರೆ ಗೊತ್ತಾಗ್ತದೆ.

ಸೈನ್ಯ ಮಾತ್ರ ಇರೋ ಜಾಗಕ್ಕೆ ಮಿಲಿಟರಿ ಸ್ಟೇಷನ್ ಅಂತಾರೆ. ಸೈನ್ಯದ ಜೊತೆ ಜನವಸತಿ, ಬಜಾರ, ಶಾಲೆ ಎಲ್ಲ ಇದ್ದು, ಅದನ್ನು ನೋಡಿಕೊಳ್ಳೋಕೆ ಬೋರ್ಡು ಇದ್ರೆ ಅದು ಕಂಟೋನ್ಮೆಂಟ್. ಹಿಂದೆ 1924ರ ಕಾಯ್ದೆ ಇತ್ತು, ಈಗ ನಡೀತಿರೋದು 2006ರ ಕಂಟೋನ್ಮೆಂಟ್ ಕಾಯ್ದೆ. ಬೋರ್ಡಿಗೆ ಅಧ್ಯಕ್ಷರು ಸೈನ್ಯದ ಅಧಿಕಾರಿ. ಮುಖ್ಯ ಕಾರ್ಯನಿರ್ವಹಣಾಧಿಕಾರಿ ರಕ್ಷಣಾ ಇಲಾಖೆಯ ಆಸ್ತಿ ನೋಡಿಕೊಳ್ಳುವ ಸೇವೆಯಿಂದ ಬರ್ತಾರೆ. ಜನ ಆರಿಸಿದ ಸದಸ್ಯರೂ ಇರಬೇಕು.

ನಮ್ಮ ಮುಳಗುಂದದ ಪಟ್ಟಣ ಪಂಚಾಯಿತಿ, ಲಕ್ಷ್ಮೇಶ್ವರ, ಮುಂಡರಗಿಯ ಪುರಸಭೆ, ಗದಗ-ಬೆಟಗೇರಿ ನಗರಸಭೆ ಇವೆಲ್ಲ ನಡೆಯೋದು ರಾಜ್ಯದ ಕಾನೂನಿನಲ್ಲಿ. ಕಂಟೋನ್ಮೆಂಟ್ ನಡೆಯೋದು ದಿಲ್ಲಿಯ ರಕ್ಷಣಾ ಸಚಿವಾಲಯದ ಕೈಯಲ್ಲಿ. ವ್ಯತ್ಯಾಸದ ಮೂಲ ಇಲ್ಲೇ ಇದೆ.

ಬೆಂಗಳೂರು ದಂಡು: 1809ರಿಂದ 1949

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೈನ್ಯ ಅಲ್ಲೇ ಬೀಡುಬಿಟ್ಟಿತ್ತು. ಚಳಿಜ್ವರಕ್ಕೆ ಸೈನಿಕರು ಸಾಯತೊಡಗಿದ್ರು. ಹವಾ ತಂಪಿರೋ ಎತ್ತರದ ಜಾಗ ಹುಡುಕಿ 1809ರಲ್ಲಿ ಹಲಸೂರು ಕೆರೆಯ ಆಸುಪಾಸು ಹೊಸ ದಂಡು ಕಟ್ಟಿದ್ರು. ಅದಾಗಲೇ ಕೆಂಪೇಗೌಡರು ಕಟ್ಟಿದ ಪೇಟೆ ಪಶ್ಚಿಮಕ್ಕೆ ಇತ್ತು. ಅಲ್ಲಿಂದ ಮುಂದೆ ಸುಮಾರು 140 ವರ್ಷ ಬೆಂಗಳೂರು ಅಂದ್ರೆ ಒಂದಲ್ಲ, ಎರಡು ಊರು. ಒಂದು ಪೇಟೆ, ಇನ್ನೊಂದು ದಂಡು.

ಪೇಟೆ ಮೈಸೂರು ಅರಸರದ್ದು. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಕೊಂಡ್ರು. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಅಂತ ಅದಕ್ಕೆ ಹೆಸರು. ಆಡಳಿತ ಬೇರೆ, ಪುರಸಭೆ ಬೇರೆ, ತೆರಿಗೆ ಬೇರೆ. ಎರಡೂ ಊರಿನ ನಡುವೆ 1870ರಲ್ಲಿ ಮಾಡಿದ ಕಬ್ಬನ್ ಪಾರ್ಕ್.

ಇವತ್ತು ಬೆಂಗಳೂರಿಗೆ ಹೋದವರು ಬಾಯಲ್ಲಿ ಹೇಳೋ ರಸ್ತೆಗಳ ಹೆಸರಲ್ಲೇ ಇತಿಹಾಸ ಇದೆ. ಬ್ರಿಗೇಡ್ ರೋಡ್, ಇನ್‌ಫ್ಯಾಂಟ್ರಿ ರೋಡ್, ರೆಸಿಡೆನ್ಸಿ ರೋಡ್ ಎಲ್ಲ ದಂಡಿನ ಕಾಲದ್ದು. ಈಗಿನ ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರೋಡ್ ಆಗಿತ್ತು. ಮಹಾತ್ಮ ಗಾಂಧಿ ರಸ್ತೆ ಹಿಂದೆ ಸೌತ್ ಪರೇಡ್ ಆಗಿತ್ತು. ಸೈನಿಕರ ಕವಾಯತು ಮೈದಾನದ ದಕ್ಷಿಣ ದಿಕ್ಕಿನ ರಸ್ತೆ ಅದು. ಸೈನ್ಯಕ್ಕೆ ಸಾಮಾನು ಒದಗಿಸೋಕೆ ಬಂದವರಲ್ಲಿ ತಮಿಳು ಮಾತಾಡೋರು ಬಹಳ. ಉರ್ದು ಮಾತಾಡೋ ವ್ಯಾಪಾರಿಗಳೂ ಬಂದ್ರು. ಅವರ ಅಂಗಡಿ, ಮನೆ, ಮಸೀದಿ, ಗುಡಿ, ಚರ್ಚು ಸೇರಿ ಇವತ್ತಿನ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಭಾಗ ಬೆಳೀತು. 1927ರ ರಸ್ಸೆಲ್ ಮಾರುಕಟ್ಟೆ ಇವತ್ತಿಗೂ ತರಕಾರಿ, ಹಣ್ಣು, ಮಾಂಸದ ದೊಡ್ಡ ಮಾರುಕಟ್ಟೆ.

1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದದ್ದು ಮೊದಲು ದಂಡಿಗೆ. 1898ರಲ್ಲಿ ಪ್ಲೇಗು ಬಂದು ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತ ಮೇಲೆ, ಗಾಳಿ ಬೆಳಕು ಇರಲಿ ಅಂತ ಅಗಲ ರಸ್ತೆಯ ಹೊಸ ಬಡಾವಣೆಗಳನ್ನು ಹಾಕಿದ್ರು. ಫ್ರೇಜರ್ ಟೌನ್ ಅಂಥದ್ದೊಂದು.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು, ದಂಡಿನ ಆಡಳಿತ ಮೈಸೂರು ಸಂಸ್ಥಾನಕ್ಕೆ ವಾಪಸ್ ಬಂತು. 1949ರ ಡಿಸೆಂಬರಿನಲ್ಲಿ ಪೇಟೆ ಪುರಸಭೆ, ದಂಡಿನ ಪುರಸಭೆ ಎರಡೂ ಸೇರಿ ಬೆಂಗಳೂರು ಮಹಾನಗರ ಪಾಲಿಕೆ ಆಯ್ತು. ಕಾಗದದ ಮೇಲೆ ಎರಡು ಊರು ಒಂದಾದವು.

ಬೆಂಗಳೂರಿನಿಂದ ಕಲಿಯೋದೇನು?

ಮೊದಲನೇದು, ಆಡಳಿತ ಸೇರಿದ ಮಾತ್ರಕ್ಕೆ ಜಾಗ ಎಲ್ಲ ಊರಿಗೆ ಬರಲಿಲ್ಲ. ಮದ್ರಾಸ್ ಎಂಜಿನಿಯರ್ ಗ್ರೂಪ್, ಎಎಸ್‌ಸಿ ಸೆಂಟರ್, ಕವಾಯತು ಮೈದಾನ ಇವೆಲ್ಲ ಇಂದಿಗೂ ಸೈನ್ಯದವೇ. ನಗರದ ನಟ್ಟನಡುವೆ ರಸ್ತೆ ಅಗಲ ಮಾಡಬೇಕು, ಮೇಲ್ಸೇತುವೆ ಕಟ್ಟಬೇಕು ಅಂದಾಗೆಲ್ಲ ರಕ್ಷಣಾ ಇಲಾಖೆಯ ಜೊತೆ ಜಾಗದ ಮಾತುಕತೆ ನಡೀತದೆ.

ಎರಡನೇದು ನೀರು. ದಂಡು ಕಟ್ಟಿದವರು ಮೊದಲು ನೋಡಿದ್ದು ಕೆರೆ. ಹಲಸೂರು ಕೆರೆ ಸಾಲದಾದಾಗ 1873ರ ಸುಮಾರಿಗೆ ಮಿಲ್ಲರ್ಸ್ ಕೆರೆಗಳು, 1882ರಲ್ಲಿ ಸ್ಯಾಂಕಿ ಕೆರೆ ಆದವು. ಮುಂದೆ ಊರು ಬೆಳೆದಂಗೆ ಏನಾಯ್ತು? ಮಿಲ್ಲರ್ಸ್ ಕೆರೆ ಈಗ ರಸ್ತೆಯ ಹೆಸರಾಗಿ ಉಳಿದಿದೆ. ಶೂಲೆ ಕೆರೆಯ ಜಾಗದಲ್ಲಿ ಫುಟ್‌ಬಾಲ್ ಮೈದಾನ ಇದೆ. ಹಲಸೂರು, ಸ್ಯಾಂಕಿ ಉಳಿದಿವೆ. ಕೆರೆ ತುಂಬಿಸಿ ಪ್ಲಾಟು ಮಾಡಿದ ನಗರ ಇವತ್ತು ನೂರು ಕಿಲೋಮೀಟರ್ ದೂರದ ಕಾವೇರಿ ನೀರನ್ನು ಪಂಪು ಮಾಡಿ ಎತ್ತಿ ತರ್ತಿದೆ.

ಮೂರನೇದು ಬಜಾರ. ಎರಡು ಶತಮಾನ ಕಳೆದ್ರೂ ದಂಡಿನ ಭಾಗದಲ್ಲಿ ಜೀವ ಇರೋದು ಕೆಳಗೆ ಅಂಗಡಿ, ಮೇಲೆ ಮನೆ ಇರೋ ಓಣಿಗಳಲ್ಲಿ. ದೊಡ್ಡ ಕಂಪೌಂಡಿನ ಬಂಗಲೆಗಳು ಒಂದೊಂದಾಗಿ ಬಿದ್ದು ಮಾಲು, ಆಫೀಸು, ಹೋಟೆಲು ಆದವು. ಸಣ್ಣ ವ್ಯಾಪಾರಿಯ ಬಜಾರ ಮಾತ್ರ ಸೈನ್ಯ ಹೋದರೂ ಹೋಗಲಿಲ್ಲ.

ಬೆಳಗಾವಿ ಕ್ಯಾಂಪ್: ಹಿಂದೆ ಮತ್ತು ಈಗ

1818ರಲ್ಲಿ ಪೇಶ್ವೆಗಳ ಕೊನೆಯ ಯುದ್ಧದ ಹೊತ್ತಿಗೆ ಥಾಮಸ್ ಮನ್ರೋ ನೇತೃತ್ವದ ಬ್ರಿಟಿಷ್ ಪಡೆ ಬೆಳಗಾವಿ ಕೋಟೆಯನ್ನು ಮುತ್ತಿಗೆ ಹಾಕಿ ಗೆದ್ದಿತು. ಮುಂದೆ ಕೋಟೆಯ ಹೊರಗೆ, ಊರಿನ ಪಶ್ಚಿಮಕ್ಕೆ, 1832ರಲ್ಲಿ ಕಂಟೋನ್ಮೆಂಟ್ ಆಯ್ತು. ಗೋವಾದ ಘಟ್ಟ ಹತ್ತಿರ, ಹವಾ ತಂಪು, ಮಳೆ ಚಲೋ. ಮರಾಠಾ ಲಘು ಪದಾತಿ ದಳದ ಕೇಂದ್ರ ಇವತ್ತಿಗೂ ಇಲ್ಲೇ ಇದೆ. ಅಂದ್ರೆ ಇದು ಸೈನ್ಯ ಪೂರ್ತಿ ಬಿಟ್ಟುಹೋದ ಜಾಗ ಅಲ್ಲ. ಸೈನ್ಯ ಇರ್ತದೆ, ಜನವಸತಿಯ ಭಾಗ ಮಾತ್ರ ಬೇರೆ ಆಗೋ ಪ್ರಸ್ತಾವ.

2011ರ ಜನಗಣತಿಯಲ್ಲಿ ಬೆಳಗಾವಿ ಕಂಟೋನ್ಮೆಂಟಿನ ಜನಸಂಖ್ಯೆ ಸುಮಾರು 19 ಸಾವಿರ. ನಮ್ಮ ಕಡೆಯ ಒಂದು ಪಟ್ಟಣ ಪಂಚಾಯಿತಿ ಊರಿನಷ್ಟೇ ಮಂದಿ. ಆದ್ರೆ ಜಾಗ ಸಾವಿರದ ಏಳುನೂರಕ್ಕೂ ಹೆಚ್ಚು ಎಕರೆ. ಬಹುಪಾಲು ಸೈನ್ಯದ ಬಳಕೆಯದ್ದು. ಬಜಾರ, ವಸತಿ ಇರೋದು ಅದರ ಒಂದು ಸಣ್ಣ ಭಾಗದಲ್ಲಿ.

ದೇಶದ ಲೆಕ್ಕ ನೋಡಿದ್ರೆ 62 ಕಂಟೋನ್ಮೆಂಟ್ ಇದ್ದವು. ಇವುಗಳ ಒಟ್ಟು ಜಾಗ ಸುಮಾರು 1.6 ಲಕ್ಷ ಎಕರೆ. 2023ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಖಾಸ್ ಯೋಲ್ ಮೊದಲನೆಯದಾಗಿ ಕಂಟೋನ್ಮೆಂಟ್ ಪಟ್ಟಿಯಿಂದ ಹೊರಗೆ ಬಂತು. ಅದೇ ವರ್ಷ ಏಪ್ರಿಲ್ 30ಕ್ಕೆ 57 ಬೋರ್ಡುಗಳಿಗೆ ನಿಗದಿಯಾಗಿದ್ದ ಚುನಾವಣೆಯನ್ನು ಮಾರ್ಚ್‌ನಲ್ಲೇ ರದ್ದು ಮಾಡಲಾಯ್ತು. ಅಂದ್ರೆ ಈ ಬದಲಾವಣೆ ನಡೆಯೋ ಹೊತ್ತಲ್ಲೇ ಬೋರ್ಡಿನಲ್ಲಿ ಜನ ಆರಿಸಿ ಕಳಿಸಿದ ಸದಸ್ಯರು ಇಲ್ಲ. ಮನೆ ಪಾಲು ಆಗೋ ದಿನ ಮನೆಯವರೇ ಇಲ್ಲದಂಗೆ ಇದು.

2024ರಲ್ಲಿ ಕೇಂದ್ರ ಸರ್ಕಾರ ಹಸ್ತಾಂತರದ ನಿಯಮ ಹೇಳಿತು. ಅದರ ತಿರುಳು ಹೀಗಿದೆ:

- ರಸ್ತೆ, ಗಟಾರ, ನೀರಿನ ಪೈಪು, ಶಾಲೆ, ದವಾಖಾನೆ ಮುಂತಾದ ನಾಗರಿಕ ಸೌಲಭ್ಯದ ಆಸ್ತಿಗಳು ರಾಜ್ಯ ಅಥವಾ ಸ್ಥಳೀಯ ಸಂಸ್ಥೆಗೆ ಪುಕ್ಕಟೆಯಾಗಿ ಹೋಗ್ತವೆ.
- ಬೋರ್ಡಿನ ಆಸ್ತಿ ಜೊತೆ ಅದರ ಸಾಲ, ಹೊಣೆಗಾರಿಕೆಯೂ ಹೋಗ್ತದೆ.
- ತೆರಿಗೆ ಹಾಕೋದು, ವಸೂಲಿ ಮಾಡೋದು ಸ್ಥಳೀಯ ಸಂಸ್ಥೆಯ ಕೆಲಸ ಆಗ್ತದೆ.
- ಗಡಿ ಗುರುತಿಸುವಾಗ ಸೈನ್ಯದ ಭದ್ರತೆಗೆ ಮೊದಲ ಆದ್ಯತೆ.
- ಕೇಂದ್ರಕ್ಕೆ ಎಲ್ಲೆಲ್ಲಿ ಮಾಲೀಕತ್ವದ ಹಕ್ಕು ಇದೆಯೋ ಅಲ್ಲಿ ಅದು ಕೇಂದ್ರದ ಬಳಿಯೇ ಉಳೀತದೆ.

ಕೊನೆಯ ಸಾಲನ್ನು ಎರಡು ಸಲ ಓದಬೇಕು. ಗಟಾರ ಪಾಲಿಕೆಗೆ ಬಂತು ಅಂದ್ರೆ ಅಂಗಡಿಯ ಜಾಗ ಅಂಗಡಿಯವನಿಗೆ ಬಂತು ಅಂತ ಅರ್ಥ ಅಲ್ಲ.

ಜಾಗ ಯಾರದು? ಅಸಲಿ ತಕರಾರು ಇಲ್ಲಿ

ನಮ್ಮ ಕಡೆ ಆಸ್ತಿ ಅಂದ್ರೆ ಉತಾರ ತೋರಿಸ್ತಾರೆ. ಹೊಲಕ್ಕೆ ಪಹಣಿ, ಊರೊಳಗಿನ ಜಾಗಕ್ಕೆ ಪಂಚಾಯಿತಿ ಅಥವಾ ಪುರಸಭೆಯ ಖಾತೆ. ಕಂಟೋನ್ಮೆಂಟಿನಲ್ಲಿ ಇದ್ಯಾವುದೂ ನಡೆಯಲ್ಲ. ಅಲ್ಲಿ ನಡೆಯೋದು ‘ಜನರಲ್ ಲ್ಯಾಂಡ್ ರಿಜಿಸ್ಟರ್’ ಅನ್ನೋ ಒಂದು ದಪ್ಪ ಪುಸ್ತಕ. 1937ರ ಭೂ ಆಡಳಿತ ನಿಯಮದ ಪ್ರಕಾರ ಪ್ರತಿ ತುಂಡು ಜಾಗಕ್ಕೂ ಅದರಲ್ಲಿ ಒಂದು ವರ್ಗ ಇರ್ತದೆ. ಸೈನ್ಯ ನೇರ ಬಳಸೋದು ಎ-1. ರಸ್ತೆ, ಮಾರುಕಟ್ಟೆ ಅಂಥ ಸಾರ್ವಜನಿಕ ಕೆಲಸಕ್ಕೆ ಬೋರ್ಡಿಗೆ ವಹಿಸಿದ್ದು ಸಿ ವರ್ಗ. ಖಾಸಗಿಯವರು ಕೂತಿದ್ದು, ಆದ್ರೆ ಸರ್ಕಾರದ ಹಕ್ಕು ಅದರ ಮೇಲೆ ಇದ್ದೇ ಇರೋದು ಬಿ-3. ಬಂಗಲೆ, ಅಂಗಡಿ, ಮನೆಯವರ ಬಹಳಷ್ಟು ಜಗಳ ಈ ಬಿ-3 ಸುತ್ತ ಇರ್ತದೆ.

ಬಿ-3ರಲ್ಲಿ ಮುಖ್ಯವಾಗಿ ಎರಡು ತರಹ. ಒಂದು ಗುತ್ತಿಗೆ, ಅಂದ್ರೆ ಲೀಸ್. ಇಷ್ಟು ವರ್ಷಕ್ಕೆ, ಇಷ್ಟು ಬಾಡಿಗೆಗೆ, ಇಂಥ ಬಳಕೆಗೆ ಅಂತ ಕಾಗದ ಇರ್ತದೆ. ಎರಡನೇದು ‘ಓಲ್ಡ್ ಗ್ರಾಂಟ್’. ಇದರ ಬೇರು ಹತ್ತೊಂಬತ್ತನೇ ಶತಮಾನದ ಸೈನ್ಯದ ಆದೇಶಗಳಲ್ಲಿದೆ. ಹೆಚ್ಚು ಹೆಸರಾದದ್ದು ಬಂಗಾಳ ಸೈನ್ಯಕ್ಕೆ ಹೊರಡಿಸಿದ 1836ರ ಗವರ್ನರ್ ಜನರಲ್ ಆದೇಶ. ಅದರ ಪ್ರಕಾರ ಕಟ್ಟಡ ಕಟ್ಟಿಕೊಂಡವನದ್ದು, ನೆಲ ಸರ್ಕಾರದ್ದು. ಸರ್ಕಾರಕ್ಕೆ ಬೇಕಾದ್ರೆ ಒಂದು ತಿಂಗಳ ನೋಟಿಸು ಕೊಟ್ಟು, ಕಟ್ಟಡದ ಬೆಲೆ ಕೊಟ್ಟು ವಾಪಸ್ ತಗೋಬಹುದು. ನೆಲಕ್ಕೆ ದುಡ್ಡಿಲ್ಲ.

ಇದರ ಪರಿಣಾಮ ಏನಂದ್ರೆ, ಮೂರು ತಲೆಮಾರಿನಿಂದ ಅಂಗಡಿ ನಡೆಸಿದ ಮನೆತನವೂ ಅದೇ ಜಾಗದ ಮೇಲೆ ಬ್ಯಾಂಕ್ ಸಾಲ ಕೇಳಿದ್ರೆ ಮ್ಯಾನೇಜರ್ ಮೊದಲು ಕಾಗದ ಕೇಳ್ತಾನೆ. ಅಣ್ಣ ತಮ್ಮ ಪಾಲು ಮಾಡಿಕೊಳ್ಳಬೇಕು, ಮಾರಬೇಕು, ಮಾಳಿಗೆ ಎತ್ತಬೇಕು ಅಂದ್ರೂ ಇದೇ ಗಂಟು. ಕಂಟೋನ್ಮೆಂಟ್ ಹೋಗಿ ಪಾಲಿಕೆ ಬಂದ ಮೇಲೂ ಈ ಗಂಟು ತಾನಾಗೇ ಬಿಚ್ಚಲ್ಲ. ರಿಜಿಸ್ಟರಿನ ವರ್ಗ ಪಾಲಿಕೆಯ ಖಾತೆಗೆ ಹೇಗೆ ಬರ್ತದೆ, ಗುತ್ತಿಗೆ ಮುಗಿದವರ ಗತಿ ಏನು, ಹಳೇ ಗ್ರಾಂಟಿನ ಜಾಗವನ್ನು ಸ್ವಂತ ಮಾಡಿಕೊಳ್ಳೋಕೆ ದಾರಿ ಇದೆಯಾ, ಈ ಮೂರಕ್ಕೆ ಲಿಖಿತ ಉತ್ತರ ಸಿಗೋವರೆಗೆ ಹೊಸ ನಕಾಶೆ ಎಷ್ಟು ಚಂದ ಇದ್ರೂ ಅದು ಗೋಡೆ ಮೇಲಿನ ಚಿತ್ರ.

ಖಾಲಿ ಜಾಗದ ಮೇಲೂ ಇಂಥದ್ದೇ ಎಳೆದಾಟ ಇದೆ. ಬೆಳಗಾವಿಯಲ್ಲಿ ರಕ್ಷಣಾ ಇಲಾಖೆಯ ಬಳಿ ಇರೋ ಸುಮಾರು 750 ಎಕರೆ ರಾಜ್ಯಕ್ಕೆ ವಾಪಸ್ ಬಂದ್ರೆ ಐಟಿ ಪಾರ್ಕ್ ಮಾಡಬಹುದು ಅನ್ನೋ ಬೇಡಿಕೆ ಹಲವು ವರ್ಷಗಳಿಂದ ಕೇಳಿಬರ್ತಿದೆ. ಯೋಜನೆಯ ಮಾತು ಮುಂದೆ, ಜಾಗದ ಕಾಗದ ಹಿಂದೆ.

ಹೊರಗಿನವರು ಹೇಗೆ ಮಾಡಿದ್ರು? ಜರ್ಮನಿಯ ಎರಡು ಊರು

ಎರಡನೇ ಮಹಾಯುದ್ಧದ ನಂತರ ಜರ್ಮನಿಯ ನೈರುತ್ಯ ಭಾಗದಲ್ಲಿ ಫ್ರೆಂಚ್ ಸೈನ್ಯ ಬೀಡುಬಿಟ್ಟಿತ್ತು. ಜರ್ಮನಿ ಒಂದಾದ ಮೇಲೆ, 1990ರ ದಶಕದ ಆರಂಭದಲ್ಲಿ ಅದು ವಾಪಸ್ ಹೋಯ್ತು. ಬ್ಯಾರಕ್ಕು ಖಾಲಿ ಬಿದ್ದವು. ಆಗ ಎರಡು ಊರು ಮಾಡಿದ ಕೆಲಸವನ್ನು ಜಗತ್ತಿನ ನಗರ ಯೋಜಕರು ಇವತ್ತಿಗೂ ಹೋಗಿ ನೋಡಿ ಬರ್ತಾರೆ.

ಮೊದಲನೇದು ಟ್ಯೂಬಿಂಗನ್. 1991ರಲ್ಲಿ ಸೈನ್ಯ ಹೋದ ಮೇಲೆ ಊರಿನ ಆಡಳಿತವೇ ಮೊದಲು ಆ ಜಾಗ ಖರೀದಿ ಮಾಡಿತು. ಆಮೇಲೆ ಇಡೀ ಜಾಗವನ್ನು ಒಬ್ಬ ದೊಡ್ಡ ಬಿಲ್ಡರಿಗೆ ಕೊಡಲಿಲ್ಲ. ಸಣ್ಣ ಸಣ್ಣ ಪ್ಲಾಟು ಮಾಡಿತು. ಹತ್ತಾರು ಕುಟುಂಬ ಒಟ್ಟಾಗಿ ಗುಂಪು ಕಟ್ಟಿಕೊಂಡು ಬಂದ್ರೆ ಅವರಿಗೇ ಮಾರಿತು. ಒಂದು ಷರತ್ತು ಇತ್ತು. ಕೆಳ ಮಾಳಿಗೆಯಲ್ಲಿ ಅಂಗಡಿ, ವರ್ಕ್‌ಶಾಪ್, ಕಚೇರಿ, ದವಾಖಾನೆ ಹೀಗೆ ದುಡಿಯೋ ಜಾಗ ಇರಬೇಕು, ಮೇಲೆ ಮನೆ. ಸೈನ್ಯದ ಕುದುರೆ ಲಾಯಗಳು ಕೆಲಸದ ಶೆಡ್ಡಾದವು. ಟ್ಯಾಂಕು ನಿಲ್ಲಿಸ್ತಿದ್ದ ದೊಡ್ಡ ಶೆಡ್ಡಿನ ಛಾವಣಿ ಉಳಿಸಿಕೊಂಡು, ಮಳೆ ಬಂದ್ರೂ ಮಂದಿ ಸೇರಬಹುದಾದ ಮೈದಾನ ಮಾಡಿದ್ರು. ಪ್ಲಾಟು ಮಾರಿದ ದುಡ್ಡಿನಲ್ಲೇ ರಸ್ತೆ, ಶಾಲೆ, ಪಾರ್ಕು ಆದವು. ಅದಕ್ಕೆ ‘ಫ್ರೆಂಚ್ ಬಡಾವಣೆ’ ಅಂತಲೇ ಹೆಸರು.

ಎರಡನೇದು ಫ್ರೈಬರ್ಗ್ ಊರಿನ ವೊಬಾನ್. 1930ರ ದಶಕದಲ್ಲಿ ಕಟ್ಟಿದ ಬ್ಯಾರಕ್ಕಿನಲ್ಲಿ 1945ರಿಂದ ಫ್ರೆಂಚ್ ಸೈನ್ಯ ಇತ್ತು, 1992ರಲ್ಲಿ ಬಿಟ್ಟುಹೋಯ್ತು. ಸುಮಾರು 38 ಹೆಕ್ಟೇರ್, ಅಂದ್ರೆ 94 ಎಕರೆ ಜಾಗ. ಈಗ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಮನೆ ಮುಂದೆ ಕಾರು ನಿಲ್ಲಿಸಂಗಿಲ್ಲ. ಕಾರು ಇರೋರು ಬಡಾವಣೆಯ ಅಂಚಿನ ಪಾರ್ಕಿಂಗ್ ಕಟ್ಟಡದಲ್ಲಿ ದುಡ್ಡು ಕೊಟ್ಟು ಜಾಗ ತಗೋಬೇಕು, ಇಲ್ಲದವರು ಇಲ್ಲ ಅಂತ ಬರೆದುಕೊಡಬೇಕು. 2006ರಲ್ಲಿ ಟ್ರಾಮ್ ಬಂತು. ಹಳೇ ದೊಡ್ಡ ಮರಗಳನ್ನು ಉಳಿಸಿಕೊಂಡ್ರು. ಮಳೆ ನೀರು ಗಟಾರಕ್ಕೆ ಹೋಗದಂಗೆ ಹುಲ್ಲಿನ ಕಾಲುವೆಯಲ್ಲಿ ನೆಲಕ್ಕೆ ಇಂಗಿಸ್ತಾರೆ. ಕಟ್ಟಿಗೆ ಚೂರಿನಿಂದ ಬಿಸಿ ಮತ್ತು ಕರೆಂಟು ಎರಡನ್ನೂ ತೆಗೆಯೋ ಘಟಕ ಇದೆ. ಕೆಲವು ಹಳೇ ಬ್ಯಾರಕ್ಕುಗಳನ್ನು ಕೆಡವದೇ ವಿದ್ಯಾರ್ಥಿಗಳು, ಕಡಿಮೆ ಆದಾಯದವರ ವಸತಿ ಮಾಡಿದ್ರು. ಅದಕ್ಕೂ ಜನ ಹೋರಾಟ ಮಾಡಬೇಕಾಯ್ತು.

ಎರಡೂ ಕಡೆ ಕೆಲಸ ಶುರುವಾಗಿದ್ದು ಜಾಗ ಊರಿನ ಹೆಸರಿಗೆ ಆದ ಮೇಲೆ. ಹಂಗಾಗಿ ಯಾರಿಗೆ ಮಾರಬೇಕು, ಏನು ಷರತ್ತು ಹಾಕಬೇಕು ಅನ್ನೋ ಅಧಿಕಾರ ಊರಿಗೆ ಇತ್ತು. ನಕಾಶೆ ಹಾಕೋ ಮೊದಲೇ ಜನರನ್ನು ಕೂರಿಸಿಕೊಂಡು ಮಾತಾಡಿದ್ರು ಅನ್ನೋದು ಇನ್ನೊಂದು ಕಾರಣ.

‘ಮಿಶ್ರ ಬಳಕೆ’ ನಮಗೆ ಹೊಸದಾ?

ಅಧಿಕಾರಿಗಳ ಕಾಗದದಲ್ಲಿ ‘ಮಿಶ್ರ ಬಳಕೆಯ ಸುಸ್ಥಿರ ನಗರ ಪ್ರದೇಶ’ ಅಂತ ಬಂದ್ರೆ ಏನೋ ಪರದೇಶದ ಮಾಲು ಅನ್ನಿಸ್ತದೆ. ಮುಳಗುಂದದ ಬಜಾರದಲ್ಲಿ ನಿಂತು ನೋಡಿದ್ರೆ ಅದೇ ಇದೆ. ಕೆಳಗ ಅಂಗಡಿ, ಮ್ಯಾಲ ಮನಿ. ಬೆಟಗೇರಿ, ಗಜೇಂದ್ರಗಡದ ನೇಕಾರರ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡಿಗೆ ಮನೆ. ಕೆಲಸಕ್ಕೆ ಹೋಗೋಕೆ ಗಾಡಿ ಬೇಡ, ಪೆಟ್ರೋಲ್ ಬೇಡ. ರಾತ್ರಿ ಹತ್ತಕ್ಕೂ ಓಣಿಯಲ್ಲಿ ಮಂದಿ ಇರೋದ್ರಿಂದ ಕಳ್ಳರ ಭಯವೂ ಕಡಿಮೆ.

ಕೆಟ್ಟಿದ್ದು ಎಲ್ಲಿ ಅಂದ್ರೆ, ಹೊಸ ಲೇಔಟ್ ಮಾಡುವಾಗ ಬರೀ ಮನೆ ಪ್ಲಾಟು ಹಾಕಿ, ಹಾಲು ತರೋಕೂ ಗಾಡಿ ತೆಗೀಬೇಕಾದ ಸ್ಥಿತಿ ತಂದದ್ದು. ದಂಡಿನ ಜಾಗ ಊರಾಗುವಾಗ ಇದೇ ತಪ್ಪು ನಡೀಬಾರದು ಅನ್ನೋದೇ ‘ಮಿಶ್ರ ಬಳಕೆ’ಯ ಸರಳ ಅರ್ಥ.

ನೀರು, ಮರ, ಮಣ್ಣು

ಸೈನ್ಯದ ಜಾಗಕ್ಕೆ ಒಂದು ಲಾಭ ಇರ್ತದೆ. ಯಾರೂ ಒಳಗೆ ಬಿಡದ ಕಾರಣ ಮರ, ಹಳ್ಳ, ಬಾವಿ ಉಳಿದಿರ್ತವೆ. ಬೆಳಗಾವಿಯ ಕ್ಯಾಂಪಿನಲ್ಲಿ ನಡೆದಾಡಿದವರಿಗೆ ಆ ನೆರಳು ಗೊತ್ತು. ರಸ್ತೆ ಅಗಲದ ಹೆಸರಲ್ಲಿ ಮರ ಹೋದ್ರೆ ಮತ್ತೆ ಬರೋಕೆ ನೂರು ವರ್ಷ.

ನಷ್ಟವೂ ಇರ್ತದೆ. ಗುಂಡು ಹಾರಿಸೋ ಮೈದಾನದ ಮಣ್ಣಲ್ಲಿ ಸೀಸ, ಹಳೇ ವಾಹನ ರಿಪೇರಿ ಶೆಡ್ಡಿನ ಕೆಳಗೆ ಎಣ್ಣೆ, ಹಳೇ ಛಾವಣಿಯಲ್ಲಿ ಕಲ್ನಾರು ಇರಬಹುದು. ಎಲ್ಲೆಲ್ಲಿ ಸೈನ್ಯದ ಜಾಗದಲ್ಲಿ ಮನೆ ಕಟ್ಟಿದ್ದಾರೋ ಅಲ್ಲೆಲ್ಲ ಮೊದಲು ಮಣ್ಣು, ಬಾವಿ ನೀರು ಪರೀಕ್ಷೆ ಮಾಡೋದು ರೂಢಿ. ಪ್ಲಾಟು ತಗೊಳ್ಳೋರು ಈ ವರದಿ ಕೇಳಿ ನೋಡಬೇಕು.

ನೀರಿನ ಪಾಠ ಗದಗ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಬೇಕಿಲ್ಲ. ತುಂಗಭದ್ರೆಗೆ ಹಮ್ಮಿಗಿಯಲ್ಲಿ ಬ್ಯಾರೇಜ್ ಕಟ್ಟಿದ ಮೇಲೂ ಬೇಸಿಗೆಯಲ್ಲಿ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರ್ತದೆ ಅಂತ ಮನೆ ಹೆಣ್ಮಕ್ಕಳನ್ನು ಕೇಳಿದ್ರೆ ಸಾಕು. ಹೊಸ ಬಡಾವಣೆಗೆ ನೀರು ಎಲ್ಲಿಂದ ಅನ್ನೋದು ಕೊನೆಯ ಪ್ರಶ್ನೆ ಅಲ್ಲ, ಮೊದಲ ಪ್ರಶ್ನೆ.

ಅಂಗಡಿಕಾರರು, ಬಾಡಿಗೆದಾರರು ನೋಡಬೇಕಾದ ಪಟ್ಟಿ

ಬೆಳಗಾವಿ ಕ್ಯಾಂಪಿನಲ್ಲಿ ಅಂಗಡಿ, ಗೋದಾಮು, ಮನೆ ಇರೋ ನಮ್ಮ ಭಾಗದವರಿಗೆ, ಅಥವಾ ಅಲ್ಲಿ ಜಾಗ ತಗೊಳ್ಳೋ ವಿಚಾರ ಇರೋರಿಗೆ ಇದು ಉಪಯೋಗಕ್ಕೆ ಬರ್ತದೆ.

1. ಜಾಗ ಜನರಲ್ ಲ್ಯಾಂಡ್ ರಿಜಿಸ್ಟರಿನಲ್ಲಿ ಯಾವ ವರ್ಗದಲ್ಲಿದೆ ಅಂತ ನಕಲು ತೆಗೆಸಿ ಇಟ್ಕೊಳ್ಳಿ. ತೆರಿಗೆ ರಶೀದಿ ಮಾಲೀಕತ್ವದ ದಾಖಲೆ ಅಲ್ಲ.

2. ಗುತ್ತಿಗೆ ಇದ್ರೆ ಅದರ ಅವಧಿ, ನವೀಕರಣದ ಷರತ್ತು, ಬಳಕೆಯ ಷರತ್ತು ನೋಡಿ. ಮನೆಗೆ ಅಂತ ಕೊಟ್ಟ ಜಾಗದಲ್ಲಿ ಅಂಗಡಿ ನಡೆದಿದ್ರೆ ಅದೇ ಮುಂದೆ ನೋಟಿಸಿಗೆ ಕಾರಣ ಆಗಬಹುದು.

3. ಬೋರ್ಡು ಕೊಟ್ಟ ಕಟ್ಟಡ ಪರವಾನಗಿ, ನಕಾಶೆ ಜೋಪಾನ ಮಾಡಿ. ಆಡಳಿತ ಬದಲಾದಾಗ ಹಳೇ ಫೈಲು ಹುಡುಕೋದು ಕಷ್ಟ.

4. ಪಾಲಿಕೆಗೆ ಸೇರಿದ ಮೇಲೆ ಉದ್ದಿಮೆ ಪರವಾನಗಿ, ಆಸ್ತಿ ತೆರಿಗೆ ರಾಜ್ಯದ ಕಾನೂನಿನ ಪ್ರಕಾರ ನಡೀತವೆ. ದರ ಬೇರೆ ಇರ್ತದೆ. ಹಳೇ ಬಾಕಿ ಇದ್ರೆ ಮೊದಲೇ ಚುಕ್ತಾ ಮಾಡಿ ರಶೀದಿ ಇಟ್ಕೊಳ್ಳಿ.

5. ಬಾಡಿಗೆ ಅಂಗಡಿ ಇದ್ದೋರು ಬಾಡಿಗೆ ಕರಾರು ಲಿಖಿತದಲ್ಲಿ ಮಾಡಿಕೊಳ್ಳಿ. ಜಾಗಕ್ಕೆ ಬೆಲೆ ಬಂದ ಕೂಡಲೇ ಮೊದಲು ಏಳಿಸೋದು ಬಾಯಿಮಾತಿನ ಬಾಡಿಗೆದಾರರನ್ನೇ.

6. ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ಸಮೀಕ್ಷೆಯಲ್ಲಿ ಹೆಸರು ಬರೆಸಿ, ಗುರುತಿನ ಚೀಟಿ ಪಡೆದಿರಬೇಕು.

7. ಕಂಟೋನ್ಮೆಂಟಿನ ಗಡಿ ಬದಲಿಸೋ ಮುನ್ನ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳ್ತದೆ. 2006ರ ಕಾಯ್ದೆಯಲ್ಲೇ ಅಲ್ಲಿನ ನಿವಾಸಿಗಳಿಗೆ ಈ ಹಕ್ಕು ಇದೆ. ನಿಗದಿತ ಅವಧಿಯೊಳಗೆ ಲಿಖಿತವಾಗಿ ಕೊಡಬೇಕು, ಆಮೇಲೆ ಕೂಗಾಡಿ ಉಪಯೋಗ ಇಲ್ಲ.

8. ‘ಕ್ಯಾಂಪು ಪಾಲಿಕೆಗೆ ಬರ್ತದೆ, ಈಗಲೇ ಜಾಗ ತಗೊಳ್ಳಿ, ನಾಳೆ ಡಬಲ್ ಆಗ್ತದೆ’ ಅನ್ನೋ ಏಜೆಂಟರ ಮಾತಿಗೆ ಮುಂಗಡ ಕೊಡೋ ಮುಂಚೆ ವಕೀಲರಿಗೆ ಕಾಗದ ತೋರಿಸಿ. ಓಲ್ಡ್ ಗ್ರಾಂಟಿನ ಜಾಗದಲ್ಲಿ ಮಾರೋನ ಕೈಯಲ್ಲಿ ಇರೋದು ಕಟ್ಟಡ ಮಾತ್ರ, ನೆಲ ಅಲ್ಲ.

ನಮ್ಮ ಜಿಲ್ಲೆಗೆ ಇದರ ಅರ್ಥ

ಗದಗ ಜಿಲ್ಲೆಯಲ್ಲಿ ಕಂಟೋನ್ಮೆಂಟ್ ಇಲ್ಲ. ಸೈನ್ಯ ಬಿಟ್ಟುಹೋದ ಜಾಗ ಮಾತ್ರ ಇದೆ. 1858ರಲ್ಲಿ ನರಗುಂದದ ಬಾಬಾಸಾಹೇಬರ ಬಂಡಾಯ ಮುರಿದ ಮೇಲೆ ಬ್ರಿಟಿಷರು ಅಲ್ಲಿನ ಕೋಟೆಯನ್ನು ಮತ್ತೆ ಬಳಕೆಗೆ ಬಾರದಂಗೆ ಮಾಡಿದ್ರು. ಅದೇ ವರ್ಷ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ್ರು. ಗಜೇಂದ್ರಗಡದ ಗುಡ್ಡದ ಮೇಲೆ ಕೋಟೆ ಇದೆ, ಕೆಳಗೆ ನೇಕಾರರ ಊರು ಇದೆ. ಕೋಟೆ ಹಾಳಾದ್ರೂ ಅದರ ಬುಡದಲ್ಲಿ ಸಂತೆ ನಿಲ್ಲಲಿಲ್ಲ.

ಇನ್ನೊಂದು ಸಂಬಂಧವೂ ಇದೆ. ಖಾತೆ ಸರಿ ಇಲ್ಲದ ಪ್ಲಾಟು, ಬಾಯಿಮಾತಿನ ಬಾಡಿಗೆ, ಪುರಸಭೆ ಮಳಿಗೆಗಳ ಅವಧಿ ಮುಗಿದ ಗುತ್ತಿಗೆ, ಸಂತೆ ಜಾಗದ ತಕರಾರು ಇವು ನಮ್ಮಲ್ಲೂ ಇವೆ. ಬೆಳಗಾವಿಯ ಕ್ಯಾಂಪಿನಲ್ಲಿ ಕೇಂದ್ರ, ರಾಜ್ಯ, ಪಾಲಿಕೆ ಮೂವರೂ ಕೂತು ಬಜಾರದವರ ಹಕ್ಕನ್ನು ಹೇಗೆ ಬಗೆಹರಿಸ್ತಾರೆ ಅನ್ನೋದು ನಾಳೆ ಇಲ್ಲಿನ ಮಳಿಗೆದಾರರಿಗೂ ಉದಾಹರಣೆ ಆಗ್ತದೆ. ಸರಿಯಾಗಿ ಆದ್ರೆ ತೋರಿಸಿ ಕೇಳಬಹುದು. ತಪ್ಪಾಗಿ ಆದ್ರೆ ಮೊದಲೇ ಎಚ್ಚರ ಆಗಬಹುದು.

ಸದ್ಯಕ್ಕೆ ಕ್ಯಾಂಪಿನ ಬಜಾರದವರು ಎಂದಿನಂತೆ ಬೆಳಿಗ್ಗೆ ಬಾಗಿಲು ತೆಗೀತಾರೆ, ತೆರಿಗೆ ಬೋರ್ಡಿಗೇ ಕಟ್ತಾರೆ. ಅಧಿಸೂಚನೆ ಬಂದ ದಿನ ಅವರು ಮೊದಲು ಓದಬೇಕಾದ್ದು ಗಡಿಯ ಸರ್ವೆ ನಂಬರು ಮತ್ತು ಮಾಲೀಕತ್ವದ ಸಾಲು. ಉಳಿದ ಭಾಷಣ ಆಮೇಲೆ ಕೇಳಿದ್ರೂ ನಡೀತದೆ.